ಕೊಳೆತುಹೋದದ್ದರ ಗುರುತು

ಮಗಳೇ, ಉತ್ಖನನಕ್ಕೆ ಹೊರಟಿದ್ದೀಯಂತೆ, ಸಂತೋಷ. ಟೋಪಿ, ಬ್ರಷ್ಷು, ಬೂಟು ಎಲ್ಲ ಕೊಂಡಾಯಿತೆಂದು ನಿನ್ನಮ್ಮ ಹೇಳಿದಳು. ಹೊರಡುವ ಮೊದಲು ನಾಲ್ಕು ದಿನ ಬಿಡುವು ಮಾಡಿಕೊಂಡು ಶಿವಮೊಗ್ಗದಲ್ಲಿ ಮೊರ ಹೆಣೆಯುವ ಮೇದಾರರ ಹತ್ತಿರ ಕೂತು ಬಾ. ನಗಬೇಡ ಮಾರಾಯ್ತಿ, ಕಾರಣವಿದೆ.

ಸ್ಪೇನಿನ ಗ್ರಾನಡಾ ಸೀಮೆಯಲ್ಲಿ ಬಾವಲಿಗಳ ಗವಿಯೊಂದಿದೆ. 1857ರಲ್ಲಿ ಗಣಿಯವರು ಒಳಗೆ ನುಗ್ಗಿ, ಹುಲ್ಲಿನಿಂದ ಹೆಣೆದ ಬುಟ್ಟಿ, ಚಪ್ಪಲಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದರು. ಉಳಿದವನ್ನು 2023ರಲ್ಲಿ ಮತ್ತೆ ಪರೀಕ್ಷಿಸಿದಾಗ ಕೆಲವು ಬುಟ್ಟಿಗಳಿಗೆ 9,500 ವರ್ಷವೆಂದು ತಿಳಿಯಿತು. ಅಲ್ಲಿನವರು ಬೇಸಾಯ ಕಲಿಯುವ ಮುಂಚೆಯೇ ಹೆಣೆದವು! ಫ್ರಾನ್ಸಿನ ಅಬ್ರಿ ದು ಮಾರಾದಲ್ಲಿ ಸಿಕ್ಕ ಹುರಿ ಇನ್ನೂ ಹಳೆಯದು, ನಿಯಾಂಡರ್ತಾಲರ ಕಾಲದ್ದು. ಮರದ ಒಳತೊಗಟೆಯ ನಾರಿನ ಮೂರು ಎಳೆ ಹೊಸೆದಿದ್ದಾರೆ. ಉಳಿದಿರುವ ತುಂಡು ಭತ್ತದ ಕಾಳಿನಷ್ಟೂ ಉದ್ದವಿಲ್ಲ.

ಆ ಬಾವಲಿ ಗವಿಯ ಒಣಗಾಳಿ ನಮಗೆಲ್ಲಿದೆ? ನಮ್ಮಲ್ಲಿ ಒಂದು ಮಳೆಗಾಲ, ಒಂದು ಗೆದ್ದಲ ಹುತ್ತ ಸಾಕು. ಭದ್ರಾವತಿಯ ಪೇಪರ್ ಟೌನಿನ ಹುಡುಗಿ ನೀನು. ಬಿದಿರನ್ನು ಬೇಯಿಸಿ ನಾರು ಬಿಡಿಸಲು ನಿಮ್ಮೂರಲ್ಲಿ 1936ರಲ್ಲಿ ಕಾಗದದ ಕಂಪನಿಯನ್ನೇ ಕಟ್ಟಿದರು. ಮಣ್ಣೊಳಗಿನ ಶಿಲೀಂಧ್ರಕ್ಕೆ ಬಾಯ್ಲರು ಬೇಡ, ನಾರು ಸಮೇತ ತಿಂದು ಮುಗಿಸುತ್ತದೆ. ಹಾಗಾಗಿ ಇಲ್ಲಿ ಬುಟ್ಟಿ ಸಿಗುವುದಿಲ್ಲ, ಬುಟ್ಟಿಯ ಗುರುತು ಸಿಗಬಹುದು. ಕಾಶ್ಮೀರದ ಬುರ್ಜಹೋಮಿನವರು ಹಸಿ ಮಡಕೆಯನ್ನು ಚಾಪೆಯ ಮೇಲಿಟ್ಟರು. ಚಾಪೆ ಮಣ್ಣಾಯಿತು, ಮಡಕೆಯ ತಳದಲ್ಲಿ ಅದರ ಅಚ್ಚು ಉಳಿಯಿತು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ತಾಮ್ರದ ಮಣಿಯ ತೂತಿನೊಳಗೆ ಹತ್ತಿಯ ನೂಲು ಸಿಕ್ಕಿತು. ತಾಮ್ರದ ಕಿಲುಬು ಇರುವ ಕಡೆ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಅದಕ್ಕೇ ಕಿಲುಬು ಹಿಡಿದ ಮಣಿ ಸಿಕ್ಕರೆ ಉಜ್ಜಿ ಹೊಳಪು ತರಲು ಹೋಗಬೇಡ.

ತುಂಗೆ ಭದ್ರೆ ಕೂಡ್ಲಿಯಲ್ಲಿ ಕೂಡಿ ಕೆಳಗೆ ಹರಿದ ಮೇಲೆ ದಡದಲ್ಲಿ ಹಲ್ಲೂರು ಸಿಗುತ್ತದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆಸಿದರು. ಹಲ್ಲೂರೆಂದರೆ ಎಲ್ಲರೂ ಅಲ್ಲಿ ಸಿಕ್ಕ ಕಬ್ಬಿಣದ ಮಾತೇ ಆಡುತ್ತಾರೆ, ಕಬ್ಬಿಣದ ಊರಾದ ನಿಮ್ಮ ಭದ್ರಾವತಿಯವರಂತೂ ಕೇಳಲೇಬೇಡ. ಅಲ್ಲಿನ ದುಂಡು ಮನೆಗಳಿಗೆ ತಟ್ಟಿ ಕಟ್ಟಿ ಮಣ್ಣು ಮೆತ್ತಿದ್ದರಲ್ಲ, ನನಗೆ ಅದರ ಮೇಲೇ ಕಣ್ಣು. ತಟ್ಟಿಯೂ ಹೆಣಿಗೆಯೇ. ಮನೆ ಸುಟ್ಟು ಮೆತ್ತಿದ ಮಣ್ಣು ಇಟ್ಟಿಗೆಯಂತಾಗಿದ್ದರೆ ಒಳಮೈಯಲ್ಲಿ ದಬ್ಬೆಯ ಗೆರೆ ಕೂತಿರುತ್ತದೆ. ಅಂಥ ಹೆಂಟೆಯನ್ನು ಕಸದ ಗುಡ್ಡೆಗೆ ಎಸೆಯಬೇಡ, ಎಸೆಯಲು ಬಿಡಲೂ ಬೇಡ.

ಇನ್ನು ಮೇದಾರರ ವಿಷಯ. ಹಸಿ ಬಿದಿರು ಸೀಳಿದಾಗ ಹೊರಮೈಯ ಸೀಳು ಒಳಮೈಯದಕ್ಕಿಂತ ಯಾಕೆ ಗಟ್ಟಿ, ಯಾವುದು ಅಂಚಿಗೆ, ಯಾವುದು ಹೊಟ್ಟೆಗೆ ಅಂತ ನೋಡು. ಎರಡರ ಮೇಲೆ, ಎರಡರ ಕೆಳಗೆ ದಾಟಿಸುತ್ತ, ಮುಂದಿನ ಸಾಲಿಗೆ ಒಂದು ಸೀಳು ಸರಿಸುತ್ತ ಹೋದಾಗ ಮೊರದಲ್ಲಿ ಓರೆಗೆರೆ ಮೂಡುವುದನ್ನು ನೋಡು. ಆಮೇಲೆ ಅವರು ಕೂತ ನೆಲ ನೋಡು. ಸಿಬಿರು, ಪುಡಿ, ಒಂದು ಮರದ ಕೊರಡು, ಒಂದು ಕತ್ತಿ. ಸಾವಿರ ವರ್ಷದ ನಂತರ ಅಗೆದರೆ ತುಕ್ಕು ಹಿಡಿದ ಕತ್ತಿಯೊಂದೇ. ಅದನ್ನು ಕಂಡವರು ಆಯುಧವೆಂದೇ ಬರೆದಾರು! ಹಾಗೆಂದು ಅವರನ್ನು ಹಳೆಯ ಕಾಲದ ಪಳೆಯುಳಿಕೆಯಂತೆ ನೋಡಬೇಡ; ಮೊಬೈಲಿನಲ್ಲಿ ಆರ್ಡರ್ ಹಿಡಿಯುವ ಜನ. ದುಡಿಮೆಯ ಹೊತ್ತು ಕೆಡಿಸುತ್ತಿದ್ದೀಯೆಂದು ನೆನಪಿರಲಿ, ಒಂದು ಮೊರ ಕೊಂಡುಕೋ, ಚೌಕಾಸಿ ಮಾಡಬೇಡ.

ಕೊನೆಗೊಂದು. ಮಡಕೆ ಚೂರುಗಳನ್ನು ತೊಳೆಯಲು ಹೊಸಬರನ್ನೇ ಕೂರಿಸುತ್ತಾರೆ. ಬೇಸರಪಡಬೇಡ, ಗಟ್ಟಿ ಬ್ರಷ್ಷು ಮುಟ್ಟಬೇಡ. ತಳದ ಚೂರು ಸಿಕ್ಕರೆ ಸಂಜೆಯ ಓರೆ ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸು. ನಡುಹಗಲ ಬೆಳಕಿನಲ್ಲಿ ಕಾಣದ ಗೆರೆ ಆಗ ಏಳುತ್ತದೆ. ಅದರ ಮೇಲೆ ಮೆತ್ತನೆ ಜೇಡಿ ಒತ್ತಿ ಅಚ್ಚು ತೆಗೆ. ಹುರಿಯ ಅಚ್ಚು ಮಣ್ಣಿನಲ್ಲಿ ತಿರುಗುಮುರುಗು: ಬಲಕ್ಕೆ ವಾಲಿದ ಹೊಸೆತ ಎಡಕ್ಕೆ ವಾಲಿದಂತೆ ಕಾಣುತ್ತದೆ. ಜೇಡಿಯ ಅಚ್ಚು ನೋಡಿಯೇ ಯಾವ ಕಡೆ ಹೊಸೆದದ್ದೆಂದು ಬರೆದುಕೋ, ಚೂರು ನೋಡಿ ಬರೆಯಬೇಡ.