ಗಾಳ ಕಟ್ಟಿಕೊಂಡು ತೆಪ್ಪ ಹತ್ತುವವನಿಗೆ

ತಮ್ಮಾ, ರಜೆಯ ದಿನ ಗೆಳೆಯರ ಜೊತೆ ಬೈಕಿಗೆ ರಾಡ್ ಬಿಗಿದುಕೊಂಡು ತುಂಗಭದ್ರಾ ಹಿನ್ನೀರಿಗೆ ಹೊರಟಿದ್ದೀಯಂತೆ. ಬೇಡ ಅನ್ನುವುದಿಲ್ಲ; ಈ ಹುಚ್ಚು ನನಗೂ ಇತ್ತು, ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ದಡದಲ್ಲಿ ಕೂತು ಗಾಳ ಹಾಕುವುದು ಬೇರೆ, ಬಳ್ಳಾರಿ ಬೇಸಿಗೆಯಲ್ಲಿ ತೆಪ್ಪದ ಮೇಲೆ ಕೂತು ಹಾಕುವುದೇ ಬೇರೆ. ಹೊರಡುವ ಮೊದಲು ಇಷ್ಟು ಕಿವಿಗೆ ಹಾಕಿಕೊ.

• ಬೆಳಕು ಹರಿಯುವಾಗ ನೀರಿನ ಮೇಲಿರಬೇಕು, ಹತ್ತು ಗಂಟೆಯೊಳಗೆ ದಡ ಸೇರಿರಬೇಕು. ಬಳ್ಳಾರಿಯ ನಮ್ಮ ಕೌಲ್ ಬಜಾರಿನಿಂದ ಹೊಸಪೇಟೆಗೆ 60 ಕಿಲೋಮೀಟರಿನ ಮೇಲೆ. ನಿದ್ದೆಗೆಟ್ಟು ನಡುರಾತ್ರಿ ಹೊರಡಬೇಡ, ಲಾರಿಗಳ ರಸ್ತೆ ಅದು. ಹಿಂದಿನ ಸಂಜೆಯೇ ಹೋಗಿ ಮಲಗು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ನೀರಿನ ಮೇಲೆ ಕೂತವನಿಗೆ ಬಿಸಿಲು ನೆತ್ತಿಯ ಮೇಲಿಂದಲೂ ಹೊಡೆಯುತ್ತದೆ, ಕೆಳಗಿನ ನೀರಿನಿಂದಲೂ ಹೊಡೆಯುತ್ತದೆ. ಮೀನಿನ ಪಾಡೂ ಅಷ್ಟೇ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ; ಮಧ್ಯಾಹ್ನ ಮೀನು ಆಳ ಹಿಡಿದು ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ನೀನು ಕಾಯುವುದು ಬರೀ ದಂಡ.

• ಬೆಳಗಾಗೆದ್ದು ಒಗ್ಗರಣೆ-ಮಿರ್ಚಿ ಬಾರಿಸಿ ತೆಪ್ಪ ಹತ್ತಬೇಡ. ಉಪ್ಪು ಹಾಕಿದ ಮಜ್ಜಿಗೆ, ಬೇಕಾದಷ್ಟು ನೀರು, ತಲೆಗೊಂದು ಹಸಿ ಟವಲ್ಲು. ತಲೆ ತಿರುಗಿ, ಬೆವರುವುದು ನಿಂತಿತೆಂದರೆ ಮೀನಿನ ಆಸೆ ಬಿಟ್ಟು ನೆರಳಿಗೆ ಬಾ, ಮೈಮೇಲೆ ನೀರು ಸುರಿಸಿಕೊ, ಆಸ್ಪತ್ರೆಗೆ ಹೋಗು.

• ಜೀನ್ಸ್ ಹಾಕಿಕೊಂಡು ತೆಪ್ಪ ಹತ್ತಬೇಡ. ನಮ್ಮೂರು ಬದುಕಿರುವುದೇ ಜೀನ್ಸ್ ಹೊಲಿದು ಎಂಬುದು ನಿಜ, ಆದರೆ ನೆನೆದ ಜೀನ್ಸಿನಲ್ಲಿ ಕಾಲು ಬಡಿಯಲು ಆಗುವುದಿಲ್ಲ. ತೆಳು ಪ್ಯಾಂಟು, ಮೇಲೆ ಲೈಫ್ ಜಾಕೆಟ್. ಈಜು ಬರುತ್ತದೆ ಎಂದು ಜಂಬ ಪಡುವವನಿಗೂ ಅದು ಬೇಕು.

• ಹಿನ್ನೀರಿಗೆ ಕಂಡ ಕಂಡಲ್ಲಿ ಇಳಿಯಬೇಡ. 133 ಟಿಎಂಸಿ ಲೆಕ್ಕ ಹಾಕಿ ಕಟ್ಟಿದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳೆಲ್ಲ ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ನಿನ್ನ ಕಾಲಡಿಯಲ್ಲೇ ಇರುತ್ತದೆ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಮೊಳಕಾಲು ಮುಳುಗುತ್ತದೆ. ದನ ನಡೆದ ದಾರಿ, ಮೀನುಗಾರರು ತೆಪ್ಪ ಹೊತ್ತು ಸಾಗಿದ ದಾರಿ ಬಿಟ್ಟು ಕದಲಬೇಡ. ಕೈಯಲ್ಲೊಂದು ಕೋಲಿರಲಿ.

• ಕೇಳದೆ ಗಾಳ ಹಾಕಬೇಡ. ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. ಅದರ ಕಚೇರಿ ಟಿ.ಬಿ. ಡ್ಯಾಮಿನಲ್ಲೇ ಇದೆ. ಕಟ್ಟೆಯ ಹತ್ತಿರ ಸುಳಿಯುವ ಮಾತೇ ಇಲ್ಲ. ಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿನ ಮೀನು ಅವುಗಳ ಪಾಲು. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆ ಹಕ್ಕಿಗಳದ್ದು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿಗೆ ಬೈನಾಕ್ಯುಲರ್ ಒಯ್ಯಿ, ರಾಡ್ ಬೇಡ.

• ಇನ್ನು ತೆಪ್ಪದ, ಅಂದರೆ ಹರಿಗೋಲಿನ ವಿಚಾರ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಆನೆಗೊಂದಿಯ ಹರಿಗೋಲು ನೋಡಿ, ಇದು ಬುಟ್ಟಿಯ ಹಾಗೆ ದುಂಡಗಿದೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಟಾರು. ಸುತ್ತುವ ಗುಣ ಮಾತ್ರ ಹಾಗೇ ಇದೆ, ಗಾಳ ಹಾಕುವವನು ತಿಳಿದಿರಬೇಕಾದ್ದೂ ಅದೇ. ಮೀನು ಕಚ್ಚಿ ಎಳೆದ ಕೂಡಲೇ ದೋಣಿ ಅದರ ಕಡೆಗೆ ತಿರುಗುತ್ತದೆ, ನೀನು ಎದ್ದು ಎಳೆದರೆ ಇನ್ನೊಂದು ಸುತ್ತು ಹೊಡೆಯುತ್ತದೆ, ತಂಗೂಸಿ ತಳಕ್ಕೆ ಸಿಕ್ಕಿ ಬಿದಿರಿನ ಅಂಚಿಗೆ ಉಜ್ಜಿ ಪಟ್ಟೆಂದು ಹರಿಯುತ್ತದೆ. ಹಾಗಾಗಿ ರೀಲಿನ ಬಿಗಿ ಸ್ವಲ್ಪ ಸಡಿಲಿಟ್ಟುಕೊ. ಮೀನು ತೆಪ್ಪವನ್ನೇ ಎಳೆದುಕೊಂಡು ಹೋಗಲಿ, ದಣಿಯುವುದು ಅದೇ. ರಾಡಿನ ತುದಿ ಅಂಚಿನಿಂದ ಆಚೆಗೆ ಚಾಚಿರಲಿ. ಹುಟ್ಟು ಹಾಕುವವನು ನಿನ್ನ ಮುಖ ಯಾವಾಗಲೂ ಮೀನಿನ ಕಡೆಗಿರುವಂತೆ ತಿರುಗಿಸುತ್ತಾನೆ. ಅವನು ಎಡ ಎಂದರೆ ಎಡ, ಕೂರು ಎಂದರೆ ಕೂರು. ಹತ್ತುವಾಗ ಅಂಚು ತುಳಿಯದೆ ನಡುವೆ ಕಾಲಿಟ್ಟು, ಬಗ್ಗಿ, ತಕ್ಷಣ ಕೂತುಬಿಡು. ಇಬ್ಬರೂ ಒಂದೇ ಕಡೆ ವಾಲಿ ಮೀನು ನೋಡಬೇಡಿ. ಫೋಟೊಗೆ ಎದ್ದು ನಿಲ್ಲುವವನನ್ನು ಕರೆದುಕೊಂಡೇ ಹೋಗಬೇಡ.

• ದಡದ ಗುಡಿಸಲುಗಳಲ್ಲಿ ಆಂಧ್ರದ ಕಡೆಯಿಂದ ಬಂದು ನೆಲೆಸಿದ ಮೀನುಗಾರರೂ ಇದ್ದಾರೆ. ಕೌಲ್ ಬಜಾರಿನವನಿಗೆ ತೆಲುಗು ಹೇಳಿಕೊಡಬೇಕೇ? ಅಣ್ಣಾ ಎಂದು ಮಾತಾಡಿಸು. ನೀರಿನಡಿ ಎಲ್ಲಿ ಹಳೇ ಮರದ ಬೊಡ್ಡೆಯಿದೆ, ಎಲ್ಲಿ ಕಲ್ಲುಗೋಡೆಯಿದೆ ಎಂಬುದು ಅವರಿಗೆ ಗೊತ್ತು. ಅವರ ಬಲೆಯ ಬೆಂಡು ಕಂಡಲ್ಲಿ ಗಾಳ ಬೀಸಬೇಡ.

• ಎರೆಗೆ ದುಡ್ಡು ಸುರಿಯಬೇಡ. ರೋಹುಗೆ, ಮೃಗಾಲಕ್ಕೆ ಶೇಂಗಾ ಹಿಂಡಿಯ ಜೊತೆ ಸಿರುಗುಪ್ಪದ ರೈಸ್‌ಮಿಲ್ಲಿನ ತೌಡು ಕಲಸಿದ ಉಂಡೆ ಸಾಕು. ಉಂಡೆ ನೀರಿನಲ್ಲಿ ಬೇಗ ಕರಗದ ಹಾಗೆ ಮೈದಾ ಒಂದಿಷ್ಟು ಸೇರಿಸು. ಕಾಟ್ಲ ಮೇಲುನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ. ಬೆಂಡನ್ನು ಅದರಂತೆ ಏರಿಸು, ಇಳಿಸು. ಬಾಳೆ ಮೀನಿಗೆ ಸಣ್ಣ ಮೀನೇ ಎರೆ. ಅದರ ಬಾಯಿಗೆ ಬೆರಳು ಹಾಕಿ ಕೊಕ್ಕೆ ಬಿಡಿಸಲು ಹೋಗಬೇಡ, ಇಕ್ಕಳ ಬಳಸು.

• ಚೇಳು ಮೀನಿನ ಮುಳ್ಳು ಚುಚ್ಚಿದರೆ ಉರಿ ತಡೆಯಲಾಗದು. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈ ಮುಳುಗಿಸಿಡು, ನೋವು ತಗ್ಗುತ್ತದೆ. ಮುಳ್ಳು ಒಳಗೇ ಮುರಿದಿದ್ದರೆ ಡಾಕ್ಟರ ಹತ್ತಿರ ಹೋಗು.

• ಬೇಸಿಗೆಯಲ್ಲಿ ಹಿಡಿದು ಬಿಡುವ ಆಟ ಸುಮ್ಮನೆ ಆಡಬೇಡ. ಕಾದ ನೀರಿನಲ್ಲಿ ಹೆಣಗಿ ಸೋತ ಮೀನನ್ನು ಬಿಟ್ಟರೂ ಎಷ್ಟೋ ಸಲ ಬದುಕುವುದಿಲ್ಲ. ಬಿಡಬೇಕೆಂದಿದ್ದರೆ ಬೇಗ ಎಳೆದುಕೊ, ಒದ್ದೆ ಕೈಯಲ್ಲಿ ಹಿಡಿ, ನೀರಿನಲ್ಲಿದ್ದಂತೆಯೇ ಕೊಕ್ಕೆ ಬಿಡಿಸು. ಮನೆಗೆ ಬೇಕಾದಷ್ಟು ಸಿಕ್ಕಿತೆಂದರೆ ಗಾಳ ಸುತ್ತಿಬಿಡು. ಕೊರಮೀನು ಮರಿಗಳ ಹಿಂಡನ್ನು ಕಾಯುತ್ತಿದ್ದರೆ ಅದರ ಗೊಡವೆಗೆ ಹೋಗಬೇಡ. ಜಿಲೇಬಿ ಮೀನು ಸಿಕ್ಕಿದರೆ ಮಾತ್ರ ವಾಪಸ್ ಬಿಡಬೇಡ; ಹೊರಗಿನಿಂದ ಬಂದು ನಮ್ಮ ನೀರಲ್ಲಿ ತುಂಬಿಕೊಂಡಿರುವ ಜಾತಿ ಅದು, ಹುರಿದರೆ ರುಚಿಯೂ ಚೆನ್ನ.

• ಅಶ್ವಿನಿ, ಭರಣಿ ಮಳೆಗಳು ಹೇಳಿ ಕೇಳಿ ಬರುವುದಿಲ್ಲ. ಗಾಳಿ ಒಮ್ಮೆಲೇ ನಿಂತು, ಒಂದು ದಿಕ್ಕು ಕಪ್ಪಾಯಿತೆಂದರೆ ದಡಕ್ಕೆ ತಿರುಗು. ಮಂದ ನೀರಿನ ಮೇಲೆ ಎದ್ದ ಬಿರುಗಾಳಿಗೆ ಹುಟ್ಟಿನ ಆಟ ನಡೆಯುವುದಿಲ್ಲ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದೊಡನೆ ಅದನ್ನು ಕೆಳಗೆ ಮಲಗಿಸು.

• ಸಿರುಗುಪ್ಪದ ಕಡೆ, ಕೆಂಚನಗುಡ್ಡದ ಹೊಳೆಗೆ ಹೋದರೆ ಬೇರೆ ಎಚ್ಚರ ಬೇಕು. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಮಡುಮಡುವಾಗಿ ನಿಂತಿರುತ್ತದೆ. ಮೇಲಿನಿಂದ ನೀರು ಬಿಟ್ಟ ದಿನ ನೋಡುನೋಡುತ್ತ ಏರುತ್ತದೆ. ಹಳೆಯ ಅಣೆಗಳ ಕೆಳಗಿನ ಸುಳಿಯ ಹತ್ತಿರ ತೆಪ್ಪ ಒಯ್ಯಬೇಡ. ಮೊಸಳೆಗಳೂ ಇವೆ, ಮೀನು ತೊಳೆದ ನೀರಲ್ಲೇ ಕಾಲು ಇಳಿಬಿಟ್ಟು ಕೂರಬೇಡ.

• ಸಿಡಿಮದ್ದು ಹಾಕುವವರ ಜೊತೆ ಒಂದು ಗಳಿಗೆಯೂ ನಿಲ್ಲಬೇಡ.

• ಕಡಲಲ್ಲಿ ಗಾಳ ಹಾಕುವ ಆಸೆ ಇದ್ದರೆ ಅಂಕೋಲಾಕ್ಕೆ ಹೋಗಿ ಬಾ. ಹಳೇ 63ನೇ ಹೆದ್ದಾರಿ ಅಂಕೋಲಾದಲ್ಲಿ ಹೊರಟು ನಮ್ಮ ಬಳ್ಳಾರಿಯ ಮೇಲೆಯೇ ಆಂಧ್ರದ ಗುತ್ತಿಯವರೆಗೆ ಹೋಗುತ್ತಿತ್ತು, ದಾರಿ ಪರಿಚಿತವೇ. ಆದರೆ ಮೇ ಕೊನೆಗೆ ಅಲ್ಲಿ ಅಲೆ ದಪ್ಪವಾಗುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ನಿಷೇಧ. ಫೆಬ್ರವರಿ, ಮಾರ್ಚಿನಲ್ಲೇ ಹೋಗು. ಭರತ-ಇಳಿತದ ಹೊತ್ತು ಅಲ್ಲಿನವರನ್ನು ಕೇಳಿ ದೋಣಿ ಹತ್ತು.

• ಥರ್ಮೋಕೋಲ್ ಡಬ್ಬಿಗೆ ಐಸ್ ಹೋಗುವಾಗಲೇ ತುಂಬಿಸಿಕೊ. ಮೀನಿನ ಕರುಳು, ಕಿವಿರು ಅಲ್ಲೇ ತೆಗೆದು, ಹೊಟ್ಟೆಗೂ ಐಸ್ ತುಂಬಿ ಮುಚ್ಚು. ಬಿಸಿಲಲ್ಲಿ ಬೈಕಿಗೆ ನೇತು ಹಾಕಿದ ಮೀನು ಕುಡತಿನಿ ದಾಟುವಷ್ಟರಲ್ಲಿ ವಾಸನೆ ಹೊಡೆಯುತ್ತದೆ. ಹರಿದ ತಂಗೂಸಿ ದಡದಲ್ಲಿ ಬಿಡದೆ ಜೇಬಿಗೆ ಹಾಕಿಕೊ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಹುಟ್ಟು ಹಾಕಿದವನ ಕೂಲಿ ತೆಪ್ಪ ಹತ್ತುವ ಮುಂಚೆಯೇ ಮಾತಾಡಿಕೊ; ಮೀನು ಸಿಗಲಿಲ್ಲ ಎಂದು ಅದರಲ್ಲಿ ಒಂದು ರೂಪಾಯಿಯೂ ಹಿಡಿಯಬೇಡ.