ತೋಟದ ಕತ್ತಿಯನ್ನು ಆರಿಸುವ ಕ್ರಮ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರಾಂತಗಳ ಕೃಷಿಕರಿಗೆ ಕತ್ತಿಯಷ್ಟು ನಿತ್ಯೋಪಯೋಗಿಯಾದ ಸಲಕರಣೆಯು ಮತ್ತೊಂದಿಲ್ಲ. ಕುಮ್ಕಿಯ ಸೊಪ್ಪನ್ನು ಸವರುವುದಕ್ಕೂ, ತೆಂಗಿನ ಮಡಲನ್ನು ಸೀಳುವುದಕ್ಕೂ, ಬಾಳೆಗೊನೆಯನ್ನು ಕಡಿಯುವುದಕ್ಕೂ, ಬೇಲಿಯ ಗೂಟವನ್ನು ಕೆತ್ತುವುದಕ್ಕೂ ಅದೇ ಬೇಕು. ಆದರೂ ಹಸುವನ್ನು ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುವ ಯಜಮಾನರು ಕತ್ತಿಯನ್ನು ಕೊಳ್ಳುವಾಗ ಬೆಲೆಯನ್ನೂ ಹೊಳಪನ್ನೂ ಮಾತ್ರ ನೋಡುವುದುಂಟು. ಅಗ್ಗದ ಕತ್ತಿಯ ನಷ್ಟವನ್ನು ಆಳಿನ ಕೈ ಅನುಭವಿಸಬೇಕಾಗುತ್ತದೆ. ಮೊಂಡಾದ ಬಾಯಿ ಜಾರುವುದು. ಸಡಿಲವಾದ ಹಿಡಿ ಕಳಚುವುದು.

ಕತ್ತಿಯ ಗುಣವು ಅದರ ಉಕ್ಕಿನಲ್ಲಿದೆ. ಸಾಮಾನ್ಯ ಮೆದು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಸುಮಾರು ೦.೨೫ ಪಾಲನ್ನು ಮೀರದು. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಬೇಕಾದಷ್ಟು ಗಟ್ಟಿಯಾಗದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲವು ನೂರಕ್ಕೆ ಸುಮಾರು ೦.೫ರಿಂದ ೦.೬ ಪಾಲು ಇರುವುದರಿಂದ ಅದು ಹದವನ್ನು ಚೆನ್ನಾಗಿ ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಕತ್ತಿಗೆ ಬೇಗ ತುಕ್ಕು ಹಿಡಿಯದೆಂಬುದು ನಿಜ. ಆದರೆ ಹದಗೆಟ್ಟಾಗ ಅದನ್ನು ಊರ ಕುಲುಮೆಯಲ್ಲಿ ಸರಿಪಡಿಸುವುದು ಕಷ್ಟ. ಆದುದರಿಂದ ನುರಿತ ಕಮ್ಮಾರನು ಸ್ಪ್ರಿಂಗ್ ಉಕ್ಕಿನಿಂದ ಮಾಡಿದ ಮಧ್ಯಮ ಬೆಲೆಯ ಕತ್ತಿಯೇ ನಮಗೆ ಯೋಗ್ಯವಾದುದು.

ಕೊಳ್ಳುವ ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಮಾಡತಕ್ಕದ್ದು.

೧. ಅಲಗಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆಯಿಂದ ಒರಸಿ ಸೀಮೆಸುಣ್ಣ ಬಳಿಯಬೇಕು. ಬಿರುಕಿದ್ದರೆ ಅಲ್ಲಿ ಎಣ್ಣೆ ಒಸರಿ ಗೆರೆ ಮೂಡುವುದು.

೨. ಮಾರುವವನ ಒಪ್ಪಿಗೆ ಪಡೆದು ಬಾಯಿಯ ಮೇಲೆ ಸಣ್ಣ ಅರವನ್ನು ಹಗುರವಾಗಿ ಎಳೆಯಬೇಕು. ಅರವು ಸಲೀಸಾಗಿ ತಿಂದರೆ ಉಕ್ಕು ಮೆದು; ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಟ್ಟಿ. ತುಸು ತಡೆದು ತಿನ್ನುವುದೇ ಸರಿಯಾದ ಹದ.

೩. ಅಲಗಿನ ಬಾಲವು ಹಿಡಿಯ ಉದ್ದಕ್ಕೂ ಸಾಗಿ, ಹಿಂತುದಿಯಲ್ಲಿ ಹೊರಬಂದು ಮಡಿಚಿರಬೇಕು. ಹಿಡಿಯ ಮುಂತುದಿಗೆ ಕಬ್ಬಿಣದ ಬಳೆ ಬಿಗಿದಿರಬೇಕು.

೪. ಹಿಡಿಯು ಒಣಗಿದ ಗಟ್ಟಿ ಮರದ್ದಾಗಿ, ಸ್ವಲ್ಪ ಚಪ್ಪಟೆಯಾಗಿರಬೇಕು. ಉರುಟಾದ ಹಿಡಿಯು ಬೆವರಿದ ಕೈಯಲ್ಲಿ ತಿರುಗುವುದು.

ಮನೆಗೆ ತಂದ ಮೇಲೆ ಒಣ ಬಿದಿರಿನ ಗಂಟನ್ನು ನಾಲ್ಕಾರು ಸಲ ಕಡಿದು ಬಾಯಿಯನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಬಾಯಿ ಮಡಿಚಿದ್ದರೆ ಹದ ಸಾಲದು. ಚಕ್ಕೆ ಎದ್ದಿದ್ದರೆ ಹದ ಮಿತಿಮೀರಿದೆ. ಉಕ್ಕು ಒಳ್ಳೆಯದಾಗಿದ್ದರೆ ಈ ಎರಡು ದೋಷಗಳನ್ನೂ ಕಮ್ಮಾರನು ತಿದ್ದಬಲ್ಲನು. ವಿದ್ಯುತ್ ಸಾಣೆಯಲ್ಲಿ ಬಾಯಿ ನೀಲಿಗಟ್ಟುವಷ್ಟು ಕಾದರೆ ಹದ ಇಳಿದುಹೋಗುವುದು. ಆಗಾಗ ನೀರಿನಲ್ಲಿ ಅದ್ದುತ್ತ ಮಸೆಯುವುದು ಕ್ಷೇಮ.

ನಮ್ಮ ಭಾರಿ ಮಳೆಗಾಲದಲ್ಲಿ ಒದ್ದೆ ಕತ್ತಿಯು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುವುದು. ಕೆಲಸ ಮುಗಿದೊಡನೆ ಬಾಳೆಯ ಸೊನೆ, ಅಡಿಕೆಯ ಚೊಗರುಗಳನ್ನು ತೊಳೆದು, ಒರಸಿ, ತೆಂಗಿನೆಣ್ಣೆ ಸವರಿಡಬೇಕು. ಕತ್ತಿಯ ಗಾಯವಾದರೆ ಸಣ್ಣದೆಂದು ಉಪೇಕ್ಷಿಸದೆ ತೊಳೆದು ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಮಣ್ಣು ಸೋಕಿದ ಗಾಯದಿಂದ ಧನುರ್ವಾಯು ತಗಲುವ ಭಯವಿದೆ.

ಹಲವು ಆಳುಗಳಿರುವ ಭೂಮಾಲಿಕರು ಮೊದಲು ಒಂದೇ ಕತ್ತಿಯನ್ನು ಕೊಂಡು, ಅದನ್ನು ದಿನವೂ ಹಿಡಿಯುವವನ ಕೈಗೆ ವಾರವೊಂದು ಕೊಟ್ಟು, ಅವನ ಅಭಿಪ್ರಾಯವನ್ನು ಕೇಳಿದ ಬಳಿಕವೇ ಉಳಿದವುಗಳನ್ನು ಅದೇ ಕಮ್ಮಾರನಿಂದ ಮಾಡಿಸುವುದು ಉಚಿತ. ಗ್ರಾಮದ ಮುಖಂಡರು ಈ ಪರೀಕ್ಷೆಗಳನ್ನು ನೆರೆಯ ಸಣ್ಣ ಹಿಡುವಳಿದಾರರಿಗೂ ತೋರಿಸಿಕೊಟ್ಟಲ್ಲಿ ಅವರ ಹಣವೂ ಕೈಯೂ ಉಳಿಯುವುವು.