ಬೋರ್ಡು ಆಮೇಲೆ, ಲೆಕ್ಕದ ಪುಸ್ತಕ ಮೊದಲು

ಯುವಜನರಲ್ಲಿ ನಾಯಕತ್ವ ಬೆಳೆಸುವ ಸಂಸ್ಥೆ ಕಟ್ಟಲು ಹೊರಟ ಮಹಿಳೆಯರು ಸಾಮಾನ್ಯವಾಗಿ ಮೊದಲು ಹೋಗುವುದು ಆಡಿಟರ್ ಬಳಿಗೆ. ಟ್ರಸ್ಟೋ ಸೊಸೈಟಿಯೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಹುಮ್ಮಸ್ಸು ಅರ್ಧ ಇಳಿದಿರುತ್ತದೆ. ಈ ಕ್ರಮವನ್ನು ತಿರುಗಿಸುವುದೇ ಒಳ್ಳೆಯದು. ತೀರ್ಮಾನ ತೆಗೆದುಕೊಂಡು ಅದರ ಹೊಣೆ ಹೊತ್ತವರಿಗಷ್ಟೇ ನಾಯಕತ್ವ ಒಲಿಯುತ್ತದೆ. ಇದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ನಂದನಾ ರೆಡ್ಡಿ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಕಟ್ಟಿದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ 1990ರಲ್ಲಿ ದುಡಿಯುವ ಮಕ್ಕಳೇ ‘ಭೀಮ ಸಂಘ’ ಕಟ್ಟಿಕೊಂಡರು. ಮುಂದೆ ಕುಂದಾಪುರ ಸೀಮೆಯಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಇವತ್ತು ಮಕ್ಕಳ ಗ್ರಾಮಸಭೆ ರಾಜ್ಯದ ಪಂಚಾಯಿತಿಗಳಿಗೆ ಪರಿಚಿತ ಪದ. ಅನಿತಾ ರತ್ನಂ ಹುಟ್ಟುಹಾಕಿದ ‘ಸಂವಾದ’ 1992ರಿಂದ ಯುವಜನರ ನಡುವೆಯೇ ಕೆಲಸ ಮಾಡುತ್ತಿದೆ.

ಹೆಜ್ಜೆ 1: ಜಾಗ, ಹೊತ್ತು, ಭಾಷೆ
ಬೆಂಗಳೂರನ್ನೇ ನೋಡಿ: ಶಿವಾಜಿನಗರದ ಮನೆಗಳಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದಲ್ಲಿ ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಸಭೆ ನಡೆಸಿದರೆ ಇಂದಿರಾನಗರದ ಕಾನ್ವೆಂಟ್ ಮಕ್ಕಳೇ ಮಾತಾಡುತ್ತಾರೆ, ಉಳಿದವರು ಕುರ್ಚಿ ಜೋಡಿಸುತ್ತಾರೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರ ಮೂರೂ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣಗಳು. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಜಾಗ ಹಿಡಿದು, ಕತ್ತಲಾಗುವ ಮೊದಲೇ ಸಭೆ ಮುಗಿಸಿ. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹೆಜ್ಜೆ 2: ಒಂದೇ ಕೆಲಸ, ಆರು ತಿಂಗಳು
ಹತ್ತು ಹನ್ನೆರಡು ಮಂದಿಯ ಗುಂಪು ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಬಸ್ ನಿಲ್ದಾಣದವರೆಗೆ ಸಂಜೆ ನಡೆದು, ಉರಿಯದ ಬೀದಿದೀಪಗಳ ಕಂಬದ ಸಂಖ್ಯೆ ಬರೆದುಕೊಳ್ಳಲಿ. ದೂರು ಯಾರಿಗೆ ಕೊಡಬೇಕೆಂಬುದನ್ನೂ ಅವರೇ ಹುಡುಕಲಿ. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳು: ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿದೆ. ಚಹಾ, ಜೆರಾಕ್ಸ್, ಬಸ್ ಚಾರ್ಜಿನ ದುಡ್ಡು ಅವರ ಕೈಯಲ್ಲೇ ಇರಲಿ. ಲೆಕ್ಕ ಬರೆಯುವ ಸರದಿ ತಿಂಗಳಿಗೊಬ್ಬರದು. ಹುಡುಗರಿಗೆ ದುಡ್ಡು ಕೊಟ್ಟರೆ ಹಾಳುಮಾಡುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೇ ಮೊತ್ತ ಸಣ್ಣದಿರಬೇಕು. ಐನೂರು ರೂಪಾಯಿಯ ತಪ್ಪು ಕಲಿಸುವುದನ್ನು ಐದು ದಿನದ ಶಿಬಿರ ಕಲಿಸದು.

ಹೆಜ್ಜೆ 3: ನೋಂದಣಿ
ಸೊಸೈಟಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಬೇಕು. ಟ್ರಸ್ಟ್ ಆದರೆ ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಟ್ರಸ್ಟ್ ಸಲೀಸು, ಜಗಳ ಕಡಿಮೆ ಎಂದು ಹಲವರು ಸಲಹೆ ಕೊಡುತ್ತಾರೆ, ಅದು ಸುಳ್ಳಲ್ಲ. ಆದರೆ ಅಲ್ಲಿ ಅಧಿಕಾರ ಟ್ರಸ್ಟಿಗಳಲ್ಲೇ ಉಳಿಯುತ್ತದೆ. ಸೊಸೈಟಿಯಲ್ಲಿ ವಾರ್ಷಿಕ ಸಭೆ, ಚುನಾವಣೆ ಇವೆ. ಹದಿನೆಂಟು ತುಂಬಿದ ಹುಡುಗಿ ನಾಳೆ ಸದಸ್ಯೆಯಾಗಿ ಸ್ಥಾಪಕಿಯನ್ನೇ ಪ್ರಶ್ನಿಸಬಹುದು. ನಾಯಕತ್ವ ಕಲಿಸುವ ಸಂಸ್ಥೆಗೆ ಒಪ್ಪುವುದು ಇದೇ. ನಂತರ ಪ್ಯಾನ್, ಬ್ಯಾಂಕ್ ಖಾತೆ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಆದಾಯ ತೆರಿಗೆ ನೋಂದಣಿ.

ಹೆಜ್ಜೆ 4: ದುಡ್ಡು, ಸುರಕ್ಷತೆ
ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ದಾಖಲೆ ಬೇಕು. ವಿದೇಶಿ ದೇಣಿಗೆಯ ನೋಂದಣಿಗೆ ಮೂರು ವರ್ಷದ ಜೊತೆಗೆ ಹದಿನೈದು ಲಕ್ಷ ರೂಪಾಯಿ ವೆಚ್ಚವನ್ನೂ ತೋರಿಸಬೇಕು. ಹಾಗಾಗಿ ಮೊದಲ ಮೂರು ವರ್ಷ ನೆರೆಹೊರೆಯ ಸಣ್ಣ ದೇಣಿಗೆಯೇ ಆಧಾರ, ರಸೀದಿ ತಪ್ಪದಿರಲಿ. ಹದಿನೆಂಟರ ಕೆಳಗಿನವರಿದ್ದರೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ: ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ.

ವರ್ಷದ ಕೊನೆಗೆ ಎಷ್ಟು ಶಿಬಿರ ನಡೆದವೆಂದು ಎಣಿಸಬೇಡಿ. ನೀವಿಲ್ಲದ ದಿನವೂ ಸಭೆ ನಡೆಯಿತೇ, ಲೆಕ್ಕ ಬರೆದಾಯಿತೇ ಎಂದು ಪುಸ್ತಕ ತೆರೆದು ನೋಡಿ. ನಡೆದಿದ್ದರೆ ಬೋರ್ಡು ಬರೆಸಿ.